ಜನಪ್ರಿಯ ಗೀತೆಗಳ ಹುಟ್ಟಿನ ಕಥೆಗಳು

ಧ್ವನಿಮುದ್ರಿಕೆ, ರೇಡಿಯೊ, ಸಿನಿಮಾ ಹಾಗೂ ಈಚೆಗೆ ಅಂತರಜಾಲದ ಮೂಲಕ ಬಹುಜನರ ಬಾಯಿಗೆ ಬಂದ ಹಾಡನ್ನು ಜನಪ್ರಿಯ ಗೀತೆ ಎನ್ನುತ್ತಾರೆ. ಜನಪದ ಗೀತೆಯಲ್ಲಿ ಕಟ್ಟಿದವರ ಹೆಸರು ಉಳಿಯುವುದು ಕಡಿಮೆ. ಕೀರ್ತನೆಯಲ್ಲಿ ವಾಗ್ಗೇಯಕಾರರ ಅಂಕಿತ ಇರುತ್ತದೆ. ಜನಪ್ರಿಯ ಗೀತೆಯ ಸ್ಥಿತಿ ಇವೆರಡಕ್ಕಿಂತ ಬೇರೆ. ಸಾಹಿತ್ಯ ಬರೆದವರು, ಟ್ಯೂನ್ ಕಟ್ಟಿದವರು, ಹಾಡಿದವರು, ನುಡಿಸಿದವರು, ಧ್ವನಿತಂತ್ರಜ್ಞರು, ದುಡ್ಡು ಹಾಕಿದ ಕಂಪನಿ ಹೀಗೆ ಹಲವರ ಕೈ ಸೇರಿ ಅದು ಸಿದ್ಧವಾಗುತ್ತದೆ. ಆದ್ದರಿಂದಲೇ ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು ಎಂಬ ಪ್ರಸಂಗಗಳು ಈ ಕ್ಷೇತ್ರದಲ್ಲಿ ಹೆಚ್ಚು. ಕನಸು, ಕೆಟ್ಟ ಯಂತ್ರ, ಗೈರುಹಾಜರಾದ ವಾದ್ಯಗಾರ, ಬೆಂಕಿ ಅನಾಹುತ, ಯುದ್ಧದ ಸೋಲು ಇವೆಲ್ಲ ಪ್ರಸಿದ್ಧ ಹಾಡುಗಳಿಗೆ ಕಾರಣವಾಗಿವೆ. ಹುಟ್ಟಿದ ಹಾಡು ಯಾರದು ಎಂಬ ಪ್ರಶ್ನೆ ಕೆಲವು ಸಲ ದಶಕಗಳ ಕಾಲ ನ್ಯಾಯಾಲಯಗಳನ್ನು ಸುತ್ತಿದೆ.

ಕನಸು ಮತ್ತು ನೆನಪು

ನಿದ್ದೆಯಲ್ಲಿ ದೊರೆತ ಹಾಡುಗಳಲ್ಲಿ ಬೀಟಲ್ಸ್ ತಂಡದ ‘ಯೆಸ್ಟರ್‌ಡೇ’ ಅತಿ ಪ್ರಸಿದ್ಧ. ಪಾಲ್ ಮೆಕಾರ್ಟ್ನಿ ಆಗ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದರ ಅಟ್ಟದ ಕೋಣೆಯಲ್ಲಿ ವಾಸವಾಗಿದ್ದರು. ಒಂದು ಬೆಳಿಗ್ಗೆ ಎದ್ದಾಗ ಇಡೀ ಟ್ಯೂನ್ ತಲೆಯಲ್ಲಿತ್ತು. ಹಾಸಿಗೆಯ ಪಕ್ಕದಲ್ಲೇ ಇದ್ದ ಪಿಯಾನೊದಲ್ಲಿ ಅದನ್ನು ನುಡಿಸಿಕೊಂಡರು. ಇಷ್ಟು ಸಲೀಸಾಗಿ ಬಂದದ್ದು ತನ್ನದಾಗಿರಲಾರದು, ಎಲ್ಲೋ ಕೇಳಿದ ಹಳೆಯ ಹಾಡು ಮನಸ್ಸಿನಲ್ಲಿ ಉಳಿದಿರಬೇಕು ಎಂಬ ಅನುಮಾನ ಅವರಿಗೆ ಬಂತು. ಸುಮಾರು ಒಂದು ತಿಂಗಳು ಸಿಕ್ಕ ಸಿಕ್ಕ ಸಂಗೀತಗಾರರಿಗೆಲ್ಲ ಕೇಳಿಸಿ, ‘ಇದು ಗೊತ್ತೇ?’ ಎಂದು ವಿಚಾರಿಸಿದರು. ಯಾರೂ ಗುರುತಿಸಲಿಲ್ಲ. ಕಳೆದುಹೋದ ವಸ್ತು ಸಿಕ್ಕಾಗ ಪೊಲೀಸರಿಗೆ ಒಪ್ಪಿಸಿ, ವಾರಸುದಾರರು ಬಾರದಿದ್ದರೆ ಇಟ್ಟುಕೊಳ್ಳುವಂತೆ ಆಯಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಟ್ಯೂನ್ ಇತ್ತು, ಮಾತು ಇರಲಿಲ್ಲ. ಮರೆಯದಿರಲೆಂದು ಬೆರೆಸಿ ಬೇಯಿಸಿದ ಮೊಟ್ಟೆಯ ಕುರಿತ ಅರ್ಥವಿಲ್ಲದ ಸಾಲನ್ನು ಅದಕ್ಕೆ ಕೂರಿಸಿದರು. ತಿಂಗಳುಗಟ್ಟಲೆ ಹಾಡಿಗೆ ಅದೇ ಹೆಸರು. 1965ರ ಮೇ ತಿಂಗಳಲ್ಲಿ ಪೋರ್ಚುಗಲ್‌ಗೆ ರಜೆಗೆ ಹೋದಾಗ, ಲಿಸ್ಬನ್ನಿನಿಂದ ದಕ್ಷಿಣಕ್ಕೆ ಹೋಗುವ ದೀರ್ಘ ಕಾರುಪ್ರಯಾಣದಲ್ಲಿ ನಿಜವಾದ ಸಾಹಿತ್ಯ ರೂಪುಗೊಂಡಿತು. ಜೂನ್ 14ರಂದು ಲಂಡನ್ನಿನ ಇಎಂಐ ಸ್ಟುಡಿಯೊದಲ್ಲಿ ಮೆಕಾರ್ಟ್ನಿ ಗಿಟಾರ್ ಹಿಡಿದು ಒಬ್ಬರೇ ಹಾಡಿದರು. ಮೂರು ದಿನಗಳ ಬಳಿಕ, ನಿರ್ಮಾಪಕ ಜಾರ್ಜ್ ಮಾರ್ಟಿನ್‌ರ ಸಲಹೆಯಂತೆ, ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ ಸೇರಿಸಲಾಯಿತು. ಬೀಟಲ್ಸ್ ಹೆಸರಿನಲ್ಲಿ ಹೊರಬಂದ ಈ ಹಾಡಿನಲ್ಲಿ ತಂಡದ ಉಳಿದ ಮೂವರ ದನಿಯಾಗಲಿ ವಾದ್ಯವಾಗಲಿ ಇಲ್ಲ.

ಅದೇ ವರ್ಷದ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನ ಗಿಟಾರ್ ಪಲುಕೂ ನಿದ್ದೆಯ ಫಲ. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಮಲಗುವಾಗ ಕ್ಯಾಸೆಟ್ ರೆಕಾರ್ಡರನ್ನು ಹತ್ತಿರವೇ ಇಟ್ಟುಕೊಳ್ಳುತ್ತಿದ್ದರು. ಬೆಳಿಗ್ಗೆ ನೋಡಿದರೆ ಕ್ಯಾಸೆಟ್ ಕೊನೆಯವರೆಗೂ ಓಡಿ ನಿಂತಿತ್ತು. ಹಿಂದಕ್ಕೆ ಸುತ್ತಿ ಹಾಕಿದಾಗ ಆರಂಭದಲ್ಲಿ ತಾವೇ ನುಡಿಸಿದ ಆ ಪಲುಕು, ಆಮೇಲೆ ಬರೀ ಗೊರಕೆ.

ಮೆಕಾರ್ಟ್ನಿ ಪಟ್ಟ ಅನುಮಾನ ಅತಿಯೇನಲ್ಲ ಎಂಬುದಕ್ಕೆ ಅದೇ ತಂಡದ ಜಾರ್ಜ್ ಹ್ಯಾರಿಸನ್‌ರ ಪ್ರಕರಣ ಸಾಕ್ಷಿ. 1970ರಲ್ಲಿ ಬಂದ, ಹರೇಕೃಷ್ಣ ನಾಮಸ್ಮರಣೆಯೂ ಸೇರಿರುವ ಅವರ ‘ಮೈ ಸ್ವೀಟ್ ಲಾರ್ಡ್’ ಹಾಡಿನ ಸ್ವರಜೋಡಣೆ, ಶಿಫಾನ್ಸ್ ತಂಡ 1963ರಲ್ಲಿ ಹಾಡಿದ್ದ ‘ಹಿ ಈಸ್ ಸೋ ಫೈನ್’ ಹಾಡನ್ನು ಹೋಲುತ್ತಿತ್ತು. 1976ರಲ್ಲಿ ಅಮೆರಿಕದ ನ್ಯಾಯಾಲಯ, ಹ್ಯಾರಿಸನ್ ಬೇಕೆಂದೇ ಕದ್ದಿಲ್ಲ, ಆದರೆ ಅವರ ಸುಪ್ತ ಮನಸ್ಸು ಹಳೆಯ ಹಾಡನ್ನೇ ಎತ್ತಿಕೊಂಡಿದೆ ಎಂದು ತೀರ್ಪಿತ್ತಿತು. ಅರಿವಿಲ್ಲದೆ ಮಾಡಿದ ನಕಲಿಗೂ ದಂಡ ತೆರಬೇಕಾಗುತ್ತದೆ ಎಂಬುದು ಸಂಗೀತ ಲೋಕಕ್ಕೆ ಇದರಿಂದ ಮನವರಿಕೆಯಾಯಿತು. ಇಷ್ಟಕ್ಕೇ ಮುಗಿಯಲಿಲ್ಲ. ಹ್ಯಾರಿಸನ್‌ರ ಮಾಜಿ ವ್ಯವಸ್ಥಾಪಕ ಅಲೆನ್ ಕ್ಲೈನ್, ಆ ಹಳೆಯ ಹಾಡಿನ ಹಕ್ಕನ್ನು ತಾವೇ ಕೊಂಡು ಎದುರು ಪಕ್ಷದ ಜಾಗದಲ್ಲಿ ನಿಂತರು. ಹಕ್ಕಿಗೆ ಕೊಟ್ಟ ಬೆಲೆಗಿಂತ ಹೆಚ್ಚು ಅವರಿಗೆ ಸಲ್ಲಬಾರದೆಂದು ನ್ಯಾಯಾಲಯ ಮುಂದೆ ಆಜ್ಞಾಪಿಸಿತು.

ಮೊದಲು ಟ್ಯೂನ್, ಆಮೇಲೆ ಸಾಹಿತ್ಯ ಎಂಬ ಪದ್ಧತಿ ಭಾರತೀಯ ಚಿತ್ರರಂಗದಲ್ಲಿ ಸಾಮಾನ್ಯ. ಟ್ಯೂನಿನ ಅಳತೆ ತಿಳಿಯಲೆಂದು ಸಂಯೋಜಕರು ‘ಡಮ್ಮಿ’ ಪದಗಳನ್ನು ಹಾಕಿ ಕೊಡುತ್ತಾರೆ. ಕವಿಗಳು ಅದನ್ನು ಅಳಿಸಿ ಬರೆಯುತ್ತಾರೆ. ಡಮ್ಮಿಯಂಥ ಮಾತೇ ಹಾಡಾಗಿ ನಿಂತದ್ದೂ ಉಂಟು. ‘3’ ಎಂಬ ತಮಿಳು ಚಿತ್ರಕ್ಕಾಗಿ ಅನಿರುದ್ಧ್ ಕಟ್ಟಿದ ಟ್ಯೂನಿಗೆ ನಟ ಧನುಷ್ ಸ್ಟುಡಿಯೊದಲ್ಲಿ ಕೂತಲ್ಲೇ ತಮಿಳು ಬೆರೆತ ಹರುಕುಮುರುಕು ಇಂಗ್ಲಿಷ್ ಪದಗಳನ್ನು ಹೊಂದಿಸಿ ಹಾಡಿದರು. ಕಚ್ಚಾ ಪ್ರತಿಯೊಂದು ಅಂತರಜಾಲಕ್ಕೆ ಸೋರಿದ ಮೇಲೆ 2011ರ ನವೆಂಬರ್ 16ರಂದು ಅಧಿಕೃತವಾಗಿ ಬಿಡುಗಡೆಯಾದ ‘ವೈ ದಿಸ್ ಕೊಲವೆರಿ ಡಿ’, ತಮಿಳು ಬಾರದ ಊರುಗಳಲ್ಲೂ ಕೆಲವೇ ದಿನಗಳಲ್ಲಿ ಮನೆಮಾತಾಯಿತು.

ಕೆಟ್ಟ ಯಂತ್ರದಿಂದ ಬಂದ ನಾದ

ರಾಕ್ ಸಂಗೀತದ ಗುರುತೇ ಆಗಿಹೋದ ‘ಫಝ್’ ಗಿಟಾರಿನ ಒಡಕು ದನಿ ಮೂಲತಃ ಯಂತ್ರದೋಷ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಹಾಡಿದ, 1961ರಲ್ಲಿ ಬಿಡುಗಡೆಯಾದ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣದಲ್ಲಿ ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಆರು ತಂತಿಯ ಬಾಸ್, ಮಿಶ್ರಣಮೇಜಿನ ಕೆಟ್ಟ ಚಾನೆಲ್ ಒಂದರ ಮೂಲಕ ಹಾದು ಬಂತು. ಇಂಪಾದ ಹಾಡಿನ ನಡುವೆ ಜೀರುಂಡೆ ಹೊಕ್ಕಂತೆ ಗುರುಗುಡುವ ಶಬ್ದ. ಅದನ್ನು ತೆಗೆಯದೆ ಹಾಗೆಯೇ ಬಿಟ್ಟರು. ಹಾಡು ಗೆದ್ದಿತು, ಅಂಥದ್ದೇ ದನಿ ಬೇಕೆಂದು ಬೇರೆ ಗಾಯಕರು ಕೇಳತೊಡಗಿದರು. ಅಷ್ಟರಲ್ಲಿ ಆ ಚಾನೆಲ್ ಪೂರ್ತಿ ಕೆಟ್ಟಿತ್ತು. ಧ್ವನಿತಂತ್ರಜ್ಞ ಗ್ಲೆನ್ ಸ್ನಾಡಿ ದೋಷಕ್ಕೆ ಕಾರಣ ಹುಡುಕಿ, ಅದೇ ದೋಷವನ್ನು ಬೇಕೆಂದಾಗ ಉಂಟುಮಾಡುವ ಮಂಡಲವೊಂದನ್ನು ರೂಪಿಸಿದರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ‘ಮೇಸ್ಟ್ರೊ ಫಝ್-ಟೋನ್’ ಎಂಬ, ಕಾಲಲ್ಲಿ ಒತ್ತುವ ಪೆಟ್ಟಿಗೆಯಾಗಿ ಮಾರುಕಟ್ಟೆಗೆ ತಂದಿತು.

ಪೆಟ್ಟಿಗೆಗೆ ಮೊದಮೊದಲು ಗಿರಾಕಿಗಳಿರಲಿಲ್ಲ. ಅದರ ಅದೃಷ್ಟ ತೆರೆಸಿದ್ದು ರಿಚರ್ಡ್ಸ್‌ರ ನಿದ್ದೆಯ ಪಲುಕು. 1965ರ ಮೇ 12ರಂದು ಹಾಲಿವುಡ್‌ನ ಆರ್‌ಸಿಎ ಸ್ಟುಡಿಯೊದಲ್ಲಿ ‘ಸ್ಯಾಟಿಸ್‌ಫ್ಯಾಕ್ಷನ್’ ಮುದ್ರಿಸುವಾಗ ಅವರು ಪಲುಕನ್ನು ಫಝ್ ಪೆಟ್ಟಿಗೆಯಲ್ಲಿ ನುಡಿಸಿದ್ದು ತಾತ್ಕಾಲಿಕ ಗುರುತಿಗಷ್ಟೇ. ಆ ಜಾಗಕ್ಕೆ ಮುಂದೆ ತುತ್ತೂರಿ, ಸ್ಯಾಕ್ಸೊಫೋನ್ ಕೂರಿಸುವ ಯೋಚನೆ ಅವರದಾಗಿತ್ತು. ಉಳಿದವರು ಒಪ್ಪದೆ ಹಾಡು ಇದ್ದಂತೆಯೇ ಬಿಡುಗಡೆಯಾಯಿತು, ಅಮೆರಿಕದಲ್ಲಿ ತಂಡಕ್ಕೆ ಮೊದಲ ಬಾರಿ ಅಗ್ರಸ್ಥಾನ ತಂದಿತು. ಅಂಗಡಿಗಳಲ್ಲಿ ಉಳಿದಿದ್ದ ಫಝ್ ಪೆಟ್ಟಿಗೆಗಳು ಆ ವರ್ಷವೇ ಖಾಲಿಯಾದವು.

1980ರ ದಶಕದ ಪಾಪ್ ಹಾಡುಗಳಲ್ಲಿ ಡ್ರಮ್ ಸಿಡಿಲಿನಂತೆ ಮೊಳಗಿ ತಟಕ್ಕನೆ ನಿಲ್ಲುತ್ತದೆ. ಇದೂ ಆಕಸ್ಮಿಕವೇ. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊದಲ್ಲಿ ಪೀಟರ್ ಗೇಬ್ರಿಯಲ್‌ರ ‘ಇಂಟ್ರೂಡರ್’ ಹಾಡಿನ ತಯಾರಿ ನಡೆದಿತ್ತು. ವಾದ್ಯಗಾರರ ಮಾತು ತಂತ್ರಜ್ಞರಿಗೆ ಕೇಳಿಸಲೆಂದು ಕೋಣೆಯಲ್ಲಿ ಮೈಕ್ ತೂಗಿಬಿಟ್ಟಿರುತ್ತಾರೆ. ಪಿಸುಮಾತೂ ಕೂಗೂ ಒಂದೇ ಮಟ್ಟದಲ್ಲಿ ಕೇಳುವಂತೆ ಅದು ದನಿಯನ್ನು ಬಿಗಿಯಾಗಿ ಒತ್ತುತ್ತದೆ. ಆ ಮೈಕ್ ಚಾಲೂ ಇದ್ದಾಗಲೇ ಫಿಲ್ ಕಾಲಿನ್ಸ್ ಡ್ರಮ್ ಬಾರಿಸಿದರು. ತಂತ್ರಜ್ಞ ಹ್ಯೂ ಪ್ಯಾಡ್ಗಮ್ ಆ ಭಾರೀ ನಾದಕ್ಕೆ ಮಾರುಹೋದರು. ಮಾತಿಗೆಂದು ಇಟ್ಟ ಮೈಕನ್ನು ಧ್ವನಿಮುದ್ರಣಕ್ಕೆ ಜೋಡಿಸುವ ವ್ಯವಸ್ಥೆಯೇ ಇರಲಿಲ್ಲವಾದ್ದರಿಂದ ಮೇಜಿನ ತಂತಿಗಳನ್ನೇ ಬದಲಿಸಬೇಕಾಯಿತು. 1981ರ ಜನವರಿಯಲ್ಲಿ ಕಾಲಿನ್ಸ್ ‘ಇನ್ ದಿ ಏರ್ ಟುನೈಟ್’ ಹಾಡಿನಲ್ಲಿ ಅದನ್ನು ಬಳಸಿದ ಮೇಲೆ ಹತ್ತು ವರ್ಷ ಆ ದನಿಯದೇ ದರ್ಬಾರು.

ಕೊರತೆ ತೋರಿದ ದಾರಿ

‘ಸ್ಟೇಯಿಂಗ್ ಅಲೈವ್’ (1977) ಹಾಡಿನ ತಾಳ ನುಡಿಸಿದವರು ಯಾರು ಎಂಬುದಕ್ಕೆ ಸರಳ ಉತ್ತರವಿಲ್ಲ. ಬೀ ಜೀಸ್ ತಂಡ ಫ್ರಾನ್ಸಿನ ಎರೂವಿಲ್ ಎಂಬಲ್ಲಿನ ಹಳೆಯ ಬಂಗಲೆಯೊಂದರಲ್ಲಿ ಬೀಡುಬಿಟ್ಟು ‘ಸ್ಯಾಟರ್‌ಡೇ ನೈಟ್ ಫೀವರ್’ ಚಿತ್ರದ ಹಾಡುಗಳನ್ನು ಕಟ್ಟುತ್ತಿತ್ತು. ನಡುವೆ ಡ್ರಮ್ ವಾದಕ ಡೆನಿಸ್ ಬ್ರಯನ್ ಮನೆಯ ತುರ್ತಿಗಾಗಿ ಊರಿಗೆ ಹೊರಟುಹೋದರು. ಇದ್ದ ತಾಳಯಂತ್ರದ ಬಡಿತ ನಿರ್ಜೀವವಾಗಿ ಕೇಳುತ್ತಿತ್ತು. ನಿರ್ಮಾಪಕ ಆಲ್ಬಿ ಗಲೂಟನ್ ಮತ್ತು ತಂತ್ರಜ್ಞ ಕಾರ್ಲ್ ರಿಚರ್ಡ್‌ಸನ್, ಆಗಲೇ ಮುದ್ರಿಸಿದ್ದ ‘ನೈಟ್ ಫೀವರ್’ ಹಾಡಿನಿಂದ ಎರಡು ಆವರ್ತದಷ್ಟು ಡ್ರಮ್ ವಾದನವನ್ನು ಬೇರೆ ಟೇಪಿಗೆ ಇಳಿಸಿದರು. ಆ ತುಂಡಿನ ಎರಡು ತುದಿ ಅಂಟಿಸಿ ದೊಡ್ಡ ಬಳೆಯಂತೆ ಮಾಡಿದರು. ಟೇಪಿನ ಬಳೆ ಯಂತ್ರದಲ್ಲಿ ಹಿಡಿಸದೆ, ಮೈಕ್ ಸ್ಟ್ಯಾಂಡುಗಳನ್ನು ಬಳಸಿ ಬಂದು, ಸಡಿಲವಾಗದಿರಲೆಂದು ತೂಗಿಸಿದ ಭಾರದೊಂದಿಗೆ ಕೋಣೆಯಲ್ಲಿ ಸುತ್ತುತ್ತ ಹೋಯಿತು. ತಾತ್ಕಾಲಿಕವೆಂದು ಮಾಡಿದ ಈ ಏರ್ಪಾಡಿನ ಮೇಲೆಯೇ ಉಳಿದ ವಾದ್ಯಗಳೂ ಹಾಡುಗಾರಿಕೆಯೂ ಏರಿದವು; ಆಮೇಲೆ ಅದನ್ನು ಬದಲಿಸಲು ಯಾರಿಗೂ ಮನಸ್ಸಾಗಲಿಲ್ಲ. ಡ್ರಮ್ ವಾದಕರ ಹೆಸರಿನ ಜಾಗದಲ್ಲಿ ತಮಾಷೆಗೆ ‘ಬರ್ನಾರ್ಡ್ ಲೂಪ್’ ಎಂದು ಬರೆದರು. ಈ ಲಯಬದ್ಧ ವಾದಕರನ್ನು ಕರೆಸಿಕೊಳ್ಳಬೇಕೆಂದು ಕೆಲವರು ವಿಚಾರಿಸಿದ್ದೂ ಉಂಟು. ನಿಮಿಷಕ್ಕೆ ಸುಮಾರು 103 ಬಡಿತದ ಈ ಹಾಡನ್ನು, ಹೃದಯ ಸ್ತಂಭನವಾದವರ ಎದೆ ಒತ್ತುವ ವೇಗ ಕಲಿಸಲು ಇಂದು ವೈದ್ಯಕೀಯ ತರಬೇತಿಯಲ್ಲಿ ಬಳಸುತ್ತಾರೆ. ಅಲ್ಲಿ ಬೇಕಾದ ವೇಗ ನಿಮಿಷಕ್ಕೆ 100ರಿಂದ 120.

ಓಟಿಸ್ ರೆಡ್ಡಿಂಗ್‌ರ ‘ಡಾಕ್ ಆಫ್ ದಿ ಬೇ’ ಕೊನೆಯಲ್ಲಿ ಮಾತಿಲ್ಲ, ಸಿಳ್ಳೆ ಮಾತ್ರ. ಅಲ್ಲಿ ಏನೋ ಹೇಳಬೇಕೆಂದಿದ್ದ ಗಾಯಕರು ಅದನ್ನು ಮರೆತು ಸಿಳ್ಳೆ ಹಾಕಿದರೆಂದು ಹಾಡಿನ ಸಹಕರ್ತೃ ಸ್ಟೀವ್ ಕ್ರಾಪರ್ ಹೇಳಿದ್ದಾರೆ. 1967ರ ಡಿಸೆಂಬರ್ ಮೊದಲ ವಾರದಲ್ಲಿ ಮೆಂಫಿಸ್‌ನಲ್ಲಿ ಧ್ವನಿಮುದ್ರಣ ಮುಗಿಯಿತು. ಡಿಸೆಂಬರ್ 10ರಂದು ವಿಸ್ಕಾನ್ಸಿನ್‌ನ ಸರೋವರಕ್ಕೆ ಬಿದ್ದ ವಿಮಾನದಲ್ಲಿ ರೆಡ್ಡಿಂಗ್ ತೀರಿಕೊಂಡರು. ಆಗ ಅವರಿಗೆ 26 ವರ್ಷ. ಅಲೆಗಳ ಹಾಗೂ ಕಡಲಹಕ್ಕಿಗಳ ಸದ್ದು ಸೇರಿಸಿ ಕ್ರಾಪರ್ ಪೂರ್ಣಗೊಳಿಸಿದ ಈ ಹಾಡು, ಗಾಯಕರ ಮರಣಾನಂತರ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಅಗ್ರಸ್ಥಾನಕ್ಕೇರಿದ ಮೊದಲ ಹಾಡಾಯಿತು.

ಹಿಂದಿ ಚಿತ್ರ ‘ಮುಘಲ್-ಎ-ಆಜಮ್’ನ (1960) ‘ಪ್ಯಾರ್ ಕಿಯಾ ತೊ ಡರ್‌ನಾ ಕ್ಯಾ’ ಹಾಡಿಗೆ ಶೀಶ್‌ಮಹಲಿನ ವಿಶಾಲ ಸಭಾಂಗಣದ ಪ್ರತಿಧ್ವನಿ ಬೇಕಿತ್ತು. ಅದನ್ನು ಕೃತಕವಾಗಿ ಉಂಟುಮಾಡುವ ಉಪಕರಣ ಆಗ ಕೈಗೆ ಸಿಗುವಂತಿರಲಿಲ್ಲ. ಸಂಗೀತ ನಿರ್ದೇಶಕ ನೌಷಾದ್, ಲತಾ ಮಂಗೇಶ್ಕರ್ ಅವರನ್ನು ಸ್ಟುಡಿಯೊದ ಸ್ನಾನದ ಕೋಣೆಯಲ್ಲಿ ನಿಲ್ಲಿಸಿ ಹಾಡಿಸಿದರು. ಬರಿಗೋಡೆಗಳ ಕಿರುಕೋಣೆಯ ಅನುರಣನವೇ ತೆರೆಯ ಮೇಲೆ ಅರಮನೆಯ ಅನುರಣನವಾಯಿತು. ಆರ್.ಡಿ. ಬರ್ಮನ್‌ರಂತೂ ಮನೆಯ ಸಾಮಾನುಗಳನ್ನೇ ವಾದ್ಯ ಮಾಡಿಕೊಂಡರು. ‘ಯಾದೋಂ ಕಿ ಬಾರಾತ್’ (1973) ಚಿತ್ರದ ‘ಚುರಾ ಲಿಯಾ ಹೈ’ ಗಾಜಿನ ಲೋಟಕ್ಕೆ ಚಮಚ ತಾಕಿಸಿದ ಸದ್ದಿನಿಂದ ಶುರುವಾಗುತ್ತದೆ. ‘ಶೋಲೆ’ಯ (1975) ‘ಮೆಹಬೂಬಾ’ ಹಾಡಿನಲ್ಲಿ ಅರ್ಧ ತುಂಬಿದ ಬಾಟಲಿಗಳ ಬಾಯಿಗೆ ಊದಿದ ದನಿ ಇದೆ.

ಘಟನೆಯಿಂದ ಹುಟ್ಟಿದ ಹಾಡುಗಳು

1971ರ ಡಿಸೆಂಬರ್‌ನಲ್ಲಿ ಡೀಪ್ ಪರ್ಪಲ್ ತಂಡ ಧ್ವನಿಮುದ್ರಣಕ್ಕಾಗಿ ಸ್ವಿಟ್ಜರ್‌ಲೆಂಡಿನ ಮಾಂಟ್ರೂ ಪಟ್ಟಣಕ್ಕೆ ಬಂದಿತ್ತು. ಸರೋವರದ ದಡದ ಕ್ಯಾಸಿನೊದಲ್ಲಿ ಕೆಲಸ ಆರಂಭಿಸಬೇಕು. ಅದಕ್ಕೆ ಮುನ್ನ, ಡಿಸೆಂಬರ್ 4ರಂದು, ಅಲ್ಲಿ ಫ್ರಾಂಕ್ ಝಾಪಾ ಕಛೇರಿ ಇತ್ತು. ಸಭಿಕನೊಬ್ಬ ಹಾರಿಸಿದ ಬೆಳಕಿನ ಬಾಣದಿಂದ ಚಾವಣಿಗೆ ಬೆಂಕಿ ಹತ್ತಿ ಕಟ್ಟಡ ಸುಟ್ಟುಹೋಯಿತು. ನೀರಿನ ಮೇಲೆ ಹೊಗೆ ಹರಡಿದ್ದನ್ನು ತಂಡದವರು ಹೋಟೆಲಿನಿಂದ ಕಂಡರು. ಕೆಲವು ದಿನಗಳ ನಂತರ ಬಾಸ್ ವಾದಕ ರೋಜರ್ ಗ್ಲೋವರ್‌ಗೆ ನಿದ್ದೆಯಿಂದ ಏಳುವಾಗ ‘ಸ್ಮೋಕ್ ಆನ್ ದಿ ವಾಟರ್’ ಎಂಬ ಹೆಸರು ಹೊಳೆಯಿತು. ಬದಲಿ ಸಭಾಂಗಣದಲ್ಲಿ ರಾತ್ರಿ ಹೊತ್ತು ಹಾಡಿನ ವಾದ್ಯಭಾಗ ಮುದ್ರಿಸುವಾಗ ನೆರೆಹೊರೆಯವರ ದೂರಿನ ಮೇಲೆ ಪೊಲೀಸರು ಬಾಗಿಲು ಬಡಿದರು. ಮುದ್ರಣ ಮುಗಿಯುವವರೆಗೂ ಬಾಗಿಲು ತೆರೆಯಲಿಲ್ಲ. ಆ ಚಳಿಗಾಲದಲ್ಲಿ ಮುಚ್ಚಿದ್ದ ಹೋಟೆಲೊಂದರ ಪಡಸಾಲೆಯಲ್ಲಿ ಉಳಿದ ಕೆಲಸ ಮುಗಿಯಿತು.

‘ಏ ಮೇರೆ ವತನ್ ಕೆ ಲೋಗೋ’ ಹಾಡಿನ ಹಿಂದೆ 1962ರ ಚೀನಾ ಯುದ್ಧದ ಸೋಲಿದೆ. ಮುಂಬೈಯ ಮಾಹಿಮ್ ಕಡಲ ದಂಡೆಯಲ್ಲಿ ನಡೆಯುತ್ತಿದ್ದಾಗ ಕವಿ ಪ್ರದೀಪ್‌ಗೆ ಸಾಲು ಹೊಳೆಯಿತು. ಕೈಯಲ್ಲಿ ಕಾಗದ ಇರಲಿಲ್ಲ. ದಾರಿಹೋಕರೊಬ್ಬರ ಪೆನ್ನು ಪಡೆದು ಸಿಗರೇಟ್ ಪ್ಯಾಕಿನ ಹಾಳೆಯ ಮೇಲೆ ಬರೆದುಕೊಂಡರು. ಸಿ. ರಾಮಚಂದ್ರ ಸಂಗೀತ ಕೊಟ್ಟರು. ಲತಾ ಮತ್ತು ಆಶಾ ಸೋದರಿಯರು ಜೊತೆಯಾಗಿ ಹಾಡಬೇಕೆಂಬ ಮಾತಿತ್ತು. ಕೊನೆಗೆ ಲತಾ ಒಬ್ಬರೇ 1963ರ ಜನವರಿ 27ರಂದು ದೆಹಲಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ಹಾಡಿದರು. ರಾಷ್ಟ್ರಪತಿ ರಾಧಾಕೃಷ್ಣನ್, ಪ್ರಧಾನಿ ನೆಹರೂ ಸಭೆಯಲ್ಲಿದ್ದರು. ನೆಹರೂ ಕಣ್ಣು ತುಂಬಿ ಬಂತು. ಪ್ರದೀಪ್ ತಮ್ಮ ಗೌರವಧನವನ್ನು ಯುದ್ಧದಲ್ಲಿ ಮಡಿದ ಸೈನಿಕರ ಪತ್ನಿಯರಿಗೆ ಬಿಟ್ಟುಕೊಟ್ಟಿದ್ದರು. ಆ ಹಣದ ಬಾಕಿಯಾಗಿ ಸೈನ್ಯದ ನಿಧಿಗೆ 10 ಲಕ್ಷ ರೂಪಾಯಿ ಕಟ್ಟುವಂತೆ ಬಾಂಬೆ ಹೈಕೋರ್ಟ್ ಧ್ವನಿಮುದ್ರಿಕೆ ಕಂಪನಿಗೆ 2005ರಲ್ಲಿ ಆದೇಶಿಸಿತು.

ಕನ್ನಡ ಚಿತ್ರಗೀತೆಗಳಲ್ಲಿ

‘ಸಂಪತ್ತಿಗೆ ಸವಾಲ್’ (1974) ಚಿತ್ರದ ‘ಯಾರೇ ಕೂಗಾಡಲಿ’ ಹಾಡು ಕನ್ನಡ ಹಿನ್ನೆಲೆ ಗಾಯನದ ದಿಕ್ಕನ್ನೇ ಬದಲಿಸಿತು. ಅದುವರೆಗೆ ರಾಜ್‌ಕುಮಾರ್ ಅವರಿಗೆ ದನಿಯಾಗಿದ್ದವರು ಪಿ.ಬಿ. ಶ್ರೀನಿವಾಸ್. ಗುಬ್ಬಿ ಕಂಪನಿಯ ರಂಗಭೂಮಿಯಲ್ಲಿ ಹಾಡಿ ಪಳಗಿದ್ದರೂ ರಾಜ್‌ಕುಮಾರ್ ಚಿತ್ರಗಳಲ್ಲಿ ಹಾಡಿದ್ದು ಬೆರಳೆಣಿಕೆಯಷ್ಟು. ಧ್ವನಿಮುದ್ರಣಕ್ಕೆ ಶ್ರೀನಿವಾಸ್ ದೊರೆಯದಿದ್ದಾಗ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ನಾಯಕರಿಂದಲೇ ಹಾಡಿಸಿದರೆಂಬುದು ಚಿತ್ರರಂಗದಲ್ಲಿ ರೂಢಿಯಲ್ಲಿರುವ ಕಥೆ. ಚಿ. ಉದಯಶಂಕರ್ ಬರೆದ, ಎಮ್ಮೆಯ ಮೇಲೆ ಕೂತು ಹಾಡುವ ಈ ಗೀತೆಯ ನಂತರ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ‘ಜೀವನ ಚೈತ್ರ’ ಚಿತ್ರದ ‘ನಾದಮಯ’ ಹಾಡಿಗಾಗಿ 1992ರ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಅವರಿಗೆ ಸಂದಿತು. ಈ ಪ್ರಶಸ್ತಿ ಕನ್ನಡಕ್ಕೆ ಮೊದಲು ಬಂದದ್ದು ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗೆ. ಹಾಡಿದ ಶಿವಮೊಗ್ಗ ಸುಬ್ಬಣ್ಣ ವೃತ್ತಿಯಿಂದ ವಕೀಲರು.

ಟ್ಯೂನ್ ಒಂದೇ ಇದ್ದು ಭಾಷೆ ಬದಲಾಗುವುದು ಭಾರತೀಯ ಚಿತ್ರಸಂಗೀತದ ವಿಶೇಷ. ವೆಂಕಟೇಶ್ ಅವರ ಸಹಾಯಕರಾಗಿ ಅನೇಕ ಕನ್ನಡ ಚಿತ್ರಗಳಿಗೆ ದುಡಿದ ಇಳಯರಾಜ, ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರಕ್ಕೆ ‘ಜೊತೆಯಲಿ ಜೊತೆಜೊತೆಯಲಿ’ ಕಟ್ಟಿದರು. ಅದೇ ಟ್ಯೂನ್ ತಮಿಳಿಗೆ ಹೋಗಿ, 2007ರಲ್ಲಿ ‘ಚೀನಿ ಕಮ್’ ಮೂಲಕ ಹಿಂದಿಗೂ ಬಂತು.

ಹಕ್ಕಿನ ಕಥೆಗಳು

1939ರಲ್ಲಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನ ಗ್ಯಾಲೊ ಸ್ಟುಡಿಯೊದಲ್ಲಿ ಜುಲು ಗಾಯಕ ಸಾಲೊಮನ್ ಲಿಂಡಾ ತಮ್ಮ ತಂಡದೊಂದಿಗೆ ‘ಎಂಬೂಬೆ’ ಹಾಡಿದರು. ಪದದ ಅರ್ಥ ಸಿಂಹ. ಮೂರನೆಯ ಸಲ ಹಾಡುವಾಗ ಕೊನೆಯಲ್ಲಿ ಅವರು ಸ್ಥಳದಲ್ಲೇ ಕಟ್ಟಿ ಏರುದನಿಯಲ್ಲಿ ಹಾಡಿದ ಸ್ವರಸರಣಿಯೇ ಮುಂದೆ ಲೋಕಪ್ರಸಿದ್ಧವಾಯಿತು. ಹಾಡಿನ ಹಕ್ಕು ಕಂಪನಿಗೆ ಹೋದದ್ದು 10 ಷಿಲಿಂಗ್‌ಗೆ ಎನ್ನಲಾಗುತ್ತದೆ. ಮುದ್ರಿಕೆ ಅಮೆರಿಕ ತಲುಪಿದಾಗ ಪೀಟ್ ಸೀಗರ್ ಜುಲು ಪದವನ್ನು ‘ವಿಮೊವೆ’ ಎಂದು ಕೇಳಿಸಿಕೊಂಡರು. ಅವರ ವೀವರ್ಸ್ ತಂಡ ಅದೇ ಹೆಸರಿನಲ್ಲಿ ಹಾಡಿದಾಗ ಕರ್ತೃವೆಂದು ಅಚ್ಚಾದ ಪಾಲ್ ಕ್ಯಾಂಬೆಲ್ ಎಂಬ ಹೆಸರು ತಂಡದವರೇ ಇಟ್ಟುಕೊಂಡಿದ್ದ ಕಾವ್ಯನಾಮ. 1961ರಲ್ಲಿ ಟೋಕನ್ಸ್ ತಂಡ ಇಂಗ್ಲಿಷ್ ಸಾಹಿತ್ಯದೊಂದಿಗೆ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಎಂದು ಹಾಡಿ ಅಗ್ರಸ್ಥಾನ ಗಳಿಸಿತು. ಮರುವರ್ಷ ಲಿಂಡಾ ಬಡತನದಲ್ಲೇ ತೀರಿಕೊಂಡರು. ಅನೇಕ ವರ್ಷ ಗೋರಿಗೆ ಕಲ್ಲೂ ಇರಲಿಲ್ಲ. 1994ರಲ್ಲಿ ‘ದಿ ಲಯನ್ ಕಿಂಗ್’ ಚಿತ್ರದ ಮೂಲಕ ಹಾಡು ಮತ್ತೊಂದು ಪೀಳಿಗೆಗೆ ತಲುಪಿತು. ಪತ್ರಕರ್ತ ರಿಯಾನ್ ಮಲಾನ್ 2000ದಲ್ಲಿ ಬರೆದ ದೀರ್ಘ ವರದಿ ಪ್ರಕರಣವನ್ನು ಬೆಳಕಿಗೆ ತಂದಿತು. ಕರ್ತೃ ತೀರಿಕೊಂಡ 25 ವರ್ಷಗಳ ಬಳಿಕ ಹಕ್ಕು ವಾರಸುದಾರರಿಗೆ ಮರಳುತ್ತದೆ ಎಂಬ, ಬ್ರಿಟಿಷ್ ಸಾಮ್ರಾಜ್ಯದ 1911ರ ಕಾಯಿದೆಯ ಅಂಶವನ್ನು ಹಿಡಿದು ದಾವೆ ಹೂಡಲಾಯಿತು. 2006ರಲ್ಲಿ ರಾಜಿಯಾಗಿ, ಲಿಂಡಾ ಸಹಕರ್ತೃವೆಂದು ಒಪ್ಪಿತವಾದರು; ಅವರ ಹೆಣ್ಣುಮಕ್ಕಳಿಗೆ ಪಾಲು ದೊರೆಯಿತು.

‘ಹ್ಯಾಪಿ ಬರ್ತ್‌ಡೇ’ ಹಾಡಿನದು ಇದಕ್ಕೆ ವಿರುದ್ಧವಾದ ಕಥೆ. ಕೆಂಟಕಿಯ ಹಿಲ್ ಸೋದರಿಯರು 1893ರಲ್ಲಿ ಶಿಶುವಿಹಾರದ ಮಕ್ಕಳಿಗಾಗಿ ಪ್ರಕಟಿಸಿದ ಮುಂಜಾನೆಯ ವಂದನೆಯ ಟ್ಯೂನ್ ಅದು. ಹುಟ್ಟುಹಬ್ಬದ ಮಾತು ಸೇರಿದ ರೂಪದ ಮೇಲೆ ಪ್ರಕಾಶನ ಸಂಸ್ಥೆ ದಶಕಗಳ ಕಾಲ ಹಕ್ಕು ಸಾಧಿಸಿ, ಸಿನಿಮಾಗಳಲ್ಲಿ ಹಾಡಿದರೆ ಶುಲ್ಕ ಪಡೆಯಿತು. 2015ರಲ್ಲಿ ಅಮೆರಿಕದ ನ್ಯಾಯಾಲಯ ಆ ಹಕ್ಕಿಗೆ ಆಧಾರವಿಲ್ಲವೆಂದಿತು. ಮರುವರ್ಷ ಸಂಸ್ಥೆ 1.4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಭಾರತದಲ್ಲಿ ಚಿತ್ರಗೀತೆಗಳ ಪೂರ್ಣ ಹಕ್ಕು ನಿರ್ಮಾಪಕರದೇ ಆಗಿದ್ದ ಕಾಲ ಬಹಳ. 2012ರ ಕೃತಿಸ್ವಾಮ್ಯ ತಿದ್ದುಪಡಿ ಸಾಹಿತಿ ಹಾಗೂ ಸಂಯೋಜಕರಿಗೆ ಬಿಟ್ಟುಕೊಡಲಾಗದ ಗೌರವಧನದ ಪಾಲನ್ನು ಖಚಿತಪಡಿಸಿತು.

ಕಥೆಗಳ ನಂಬಲರ್ಹತೆ

ಹಾಡು ಹಬ್ಬಿದಂತೆ ಅದರ ಹುಟ್ಟಿನ ಕಥೆಯೂ ಬೆಳೆಯುತ್ತದೆ. ‘ಇನ್ ದಿ ಏರ್ ಟುನೈಟ್’ ಬರೆದ ಕಾಲಿನ್ಸ್, ಒಬ್ಬ ಮುಳುಗುತ್ತಿದ್ದಾಗ ಇನ್ನೊಬ್ಬ ನೋಡುತ್ತ ನಿಂತದ್ದನ್ನು ಕಣ್ಣಾರೆ ಕಂಡಿದ್ದರೆಂಬ ವದಂತಿ ದಶಕಗಳ ಕಾಲ ಹರಿದಾಡಿತು. ವಿಚ್ಛೇದನದ ಕಹಿಯಲ್ಲಿ, ಸ್ಥಳದಲ್ಲೇ ಬಾಯಿಗೆ ಬಂದ ಮಾತುಗಳಷ್ಟೇ ಅವು ಎಂದು ಅವರು ಮತ್ತೆ ಮತ್ತೆ ಹೇಳಬೇಕಾಯಿತು. ಹಾಡು ಮಾಡಿದವರೇ ದಾರಿ ತಪ್ಪಿಸಿದ್ದೂ ಇದೆ. ಶೆರ್ ಹಾಡಿದ ‘ಬಿಲೀವ್’ (1998) ಹಾಡಿನ ಮೆಟ್ಟಿಲಿಳಿದಂಥ ಯಾಂತ್ರಿಕ ದನಿ, ತೈಲ ನಿಕ್ಷೇಪ ಹುಡುಕುವ ಭೂಕಂಪನ ದತ್ತಾಂಶದಲ್ಲಿ ಪರಿಣತರಾದ ಆಂಡಿ ಹಿಲ್ಡೆಬ್ರಾಂಡ್ ರೂಪಿಸಿದ, ಶ್ರುತಿ ತಿದ್ದುವ ಆಟೊ-ಟ್ಯೂನ್ ತಂತ್ರಾಂಶದ ಅತಿಬಳಕೆಯಿಂದ ಬಂದದ್ದು. ವೃತ್ತಿರಹಸ್ಯ ಕಾಯಲು ನಿರ್ಮಾಪಕರು ಅದು ಬೇರೊಂದು ಉಪಕರಣದ ಫಲವೆಂದು ಪತ್ರಿಕೆಗೆ ಹೇಳಿದ್ದರು.

ಆದ್ದರಿಂದ ವರ್ಷಗಳ ನಂತರದ ಸಂದರ್ಶನಕ್ಕಿಂತ ಸ್ಟುಡಿಯೊದ ದಿನಚರಿ, ಮೂಲ ಟೇಪು, ಒಪ್ಪಂದಪತ್ರ ಮತ್ತು ತೀರ್ಪುಗಳು ಹೆಚ್ಚು ಆಧಾರಯೋಗ್ಯ. ಮುದ್ರಿಕೆಯ ಮೇಲೆ ಅಚ್ಚಾದ ಹೆಸರುಗಳನ್ನೂ ಪರೀಕ್ಷಿಸದೆ ಒಪ್ಪುವಂತಿಲ್ಲ. ‘ಯೆಸ್ಟರ್‌ಡೇ’ಯ ಕರ್ತೃಗಳು ಲೆನನ್–ಮೆಕಾರ್ಟ್ನಿ ಎಂದು ಇಂದಿಗೂ ಅಚ್ಚಾಗುತ್ತದೆ, ಲೆನನ್‌ರ ಪಾತ್ರ ಅದರಲ್ಲಿ ಇಲ್ಲದಿದ್ದರೂ. ಬರ್ನಾರ್ಡ್ ಲೂಪ್, ಪಾಲ್ ಕ್ಯಾಂಬೆಲ್ ಎಂಬ ವ್ಯಕ್ತಿಗಳು ಇರಲೇ ಇಲ್ಲ. ಅವರ ಹೆಸರು ಅಚ್ಚಾಯಿತು. ಸಾಲೊಮನ್ ಲಿಂಡಾ ಇದ್ದರು; ಲೋಕವೆಲ್ಲ ಹಾಡಿದ ತಮ್ಮ ಟ್ಯೂನಿನ ಮೇಲೆ ಅವರ ಹೆಸರು ಸೇರಲು ಅವರು ತೀರಿಕೊಂಡು 44 ವರ್ಷ ಕಳೆಯಬೇಕಾಯಿತು.